ಕೊಲಾಜೆನ್ ಸಂತೆಗೂ ಒಂದೇ ತಕ್ಕಡಿ ಬೇಕು

ಬೆಂಗಳೂರಿನ ಯಾವ ಬಡಾವಣೆಯ ಔಷಧ ಅಂಗಡಿಗೆ ಹೋದರೂ ಗಾಜಿನ ಕಪಾಟಿನಲ್ಲಿ ‘ಮರೀನ್ ಕೊಲಾಜೆನ್’ ಎಂಬ ಹೆಸರಿನ ಡಬ್ಬಿಗಳು ಕಣ್ಣಿಗೆ ಬೀಳುತ್ತವೆ. ಪುಡಿ, ಕ್ಯಾಪ್ಸೂಲ್, ಮಾತ್ರೆ, ಒಂದೇ ಗುಟುಕಿಗೆ ಮುಗಿಯುವ ಪುಟ್ಟ ಬಾಟಲಿ, ಮಿಠಾಯಿಯಂತೆ ಜಗಿಯುವ ಗಮ್ಮಿ ಹೀಗೆ ಒಂದೇ ವಸ್ತುವಿಗೆ ಹಲವು ವೇಷ. ಮುಖದ ಸುಕ್ಕು, ಉದುರುವ ಕೂದಲು, ಸವೆದ ಮಂಡಿ ಎಲ್ಲಕ್ಕೂ ಇದರಲ್ಲಿ ಪರಿಹಾರವಿದೆ ಎಂಬ ಭರವಸೆ ಜಾಹೀರಾತುಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಕೊಳ್ಳುವವರಲ್ಲಿ ತಿಂಗಳ ಸಂಬಳದ ಯುವತಿಯರಿರುವಂತೆ ಪಿಂಚಣಿಯನ್ನೇ ನಂಬಿದ ಹಿರಿಯರೂ ಇದ್ದಾರೆ. ಇವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ರೂಪದ ಕೊಲಾಜೆನ್ ಒಳ್ಳೆಯದು?

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಅಂಥ ಕಷ್ಟದ ಕೆಲಸವೇನಲ್ಲ. ಒಂದು ಗ್ರಾಂ ಕೊಲಾಜೆನ್‌ಗೆ ಎಷ್ಟು ರೂಪಾಯಿ ತೆರುತ್ತಿದ್ದೇವೆ ಎಂಬುದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಆದರೆ ಆ ಒಂದು ಅಂಕಿಯನ್ನು ಮುದ್ರಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. ಇರುವ ನಿಯಮವೇ ಗ್ರಾಹಕನನ್ನು ದಾರಿ ತಪ್ಪಿಸುವಂತಿದೆ. ಸರ್ಕಾರದ ಗಮನ ಬೀಳಬೇಕಾದದ್ದು ಇಲ್ಲಿ.

ವಸ್ತು ಒಂದು, ವೇಷ ಹಲವು

ಮೊದಲಿಗೆ ವಸ್ತುವಿನ ಪರಿಚಯ. ನಮ್ಮ ದೇಹದಲ್ಲಿರುವ ಪ್ರೋಟೀನುಗಳಲ್ಲಿ ಹೆಚ್ಚು ಕಡಿಮೆ ಮೂರನೆಯ ಒಂದು ಭಾಗ ಕೊಲಾಜೆನ್. ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿ ಮೊದಲನೆಯ ಬಗೆಯದು ಪ್ರಧಾನವಾಗಿದ್ದರೆ, ಕೀಲುಗಳ ಮೃದ್ವಸ್ಥಿಯಲ್ಲಿ ಎರಡನೆಯ ಬಗೆಯದು ಪ್ರಧಾನ. ವಯಸ್ಸಾದಂತೆ ದೇಹದಲ್ಲಿ ಇದರ ಉತ್ಪಾದನೆ ಕುಗ್ಗುವುದು ನಿಜ. ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಕೊಲಾಜೆನನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಅದು ಜೆಲಾಟಿನ್ ಆಗುತ್ತದೆ. ಅದನ್ನು ಕಿಣ್ವಗಳಿಂದ ಇನ್ನಷ್ಟು ಸಣ್ಣ ತುಣುಕುಗಳಾಗಿ ಕತ್ತರಿಸಿದರೆ ದೊರೆಯುವುದು ಕೊಲಾಜೆನ್ ಪೆಪ್ಟೈಡ್. ಸುಮಾರು 3 ಲಕ್ಷ ಡಾಲ್ಟನ್ ತೂಕದ ಅಣು ಈ ಹಂತಕ್ಕೆ ಬರುವಾಗ ಕೆಲವು ಸಾವಿರ ಡಾಲ್ಟನ್‌ಗೆ ಇಳಿದಿರುತ್ತದೆ. ತಣ್ಣೀರಿನಲ್ಲೂ ಕರಗುತ್ತದೆ, ಬಿಸಿ ಕಾಫಿಗೆ ಬೆರೆಸಿದರೂ ಕೆಡುವುದಿಲ್ಲ. ಪುಡಿ, ಕ್ಯಾಪ್ಸೂಲ್, ಬಾಟಲಿ, ಗಮ್ಮಿ ಎಲ್ಲದರಲ್ಲೂ ಸಾಮಾನ್ಯವಾಗಿ ಇರುವುದು ಇದೇ ಪೆಪ್ಟೈಡ್.

ಮೀನಿನ ಚರ್ಮ, ಹುರುಪೆ, ಮೂಳೆಗಳಿಂದ ತೆಗೆದದ್ದಕ್ಕೆ ‘ಮರೀನ್’ ಎಂಬ ವಿಶೇಷಣ ಅಂಟಿಕೊಂಡಿದೆ. ಆ ಪದ ಸಮುದ್ರವನ್ನು ನೆನಪಿಸಿದರೂ ಡಬ್ಬಿಯೊಳಗಿನ ಮೀನು ಸಮುದ್ರವನ್ನು ಕಂಡಿರಲೇಬೇಕೆಂದಿಲ್ಲ. ಸಿಹಿನೀರಿನ ಕೊಳಗಳಲ್ಲಿ ಸಾಕುವ ತಿಲಾಪಿಯಾ ಮೀನಿನ ಚರ್ಮ ಹಾಗೂ ಹುರುಪೆಯಿಂದ ತೆಗೆದದ್ದೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಇದರಿಂದ ಗುಣ ಕೆಟ್ಟಿತೆಂದಲ್ಲ. ಆದರೆ ‘ಆಳ ಸಮುದ್ರದ ಶುದ್ಧತೆ’ಗಾಗಿ ಹೆಚ್ಚು ಬೆಲೆ ತೆತ್ತವನಿಗೆ ತಾನು ಕೊಂಡದ್ದು ಕೆರೆಯ ಮೀನೋ ಕಡಲ ಮೀನೋ ಎಂದು ತಿಳಿಯುವ ಹಕ್ಕಿದೆ.

ಮೀನಿನ ಕೊಲಾಜೆನ್ ಬಹುಪಾಲು ಮೊದಲನೆಯ ಬಗೆಯದು. ಮಂಡಿಯ ಮೃದ್ವಸ್ಥಿಗೆಂದು ಮಾರುವ ‘ಎರಡನೆಯ ಬಗೆ’ಯ ಕ್ಯಾಪ್ಸೂಲು ಬೇರೆಯೇ ವಸ್ತು. ಅದನ್ನು ಸಾಮಾನ್ಯವಾಗಿ ಕೋಳಿಯ ಎದೆಮೂಳೆಯ ಮೃದ್ವಸ್ಥಿಯಿಂದ, ತುಂಡರಿಸದೆ ತಯಾರಿಸುತ್ತಾರೆ. ಅದರ ದಿನದ ಪ್ರಮಾಣ ಕೇವಲ 40 ಮಿಲಿಗ್ರಾಂ. ಮೀನಿನ ಪೆಪ್ಟೈಡಿನ ಪ್ರಮಾಣವನ್ನು ಹೇಳುವುದು ಗ್ರಾಂಗಳಲ್ಲಿ. ಎರಡೂ ಒಂದೇ ಕಪಾಟಿನಲ್ಲಿ ಒಂದೇ ಹೆಸರು ಹೊತ್ತು ಕುಳಿತಿರುವುದರಿಂದ ಒಂದರ ಅಳತೆಯನ್ನು ಇನ್ನೊಂದಕ್ಕೆ ಅನ್ವಯಿಸಿ ಮೋಸಹೋಗುವವರು ಉಂಟು.

ನಾಲ್ಕು ಪೊಟ್ಟಣಗಳ ಲೆಕ್ಕ

ಚರ್ಮಕ್ಕೆ ಅನುಕೂಲವಾಯಿತೆಂದು ಹೇಳುವ ಅಧ್ಯಯನಗಳಲ್ಲಿ ಬಳಸಿದ ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ 2.5 ಗ್ರಾಂನಿಂದ 10 ಗ್ರಾಂ. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಲೆಕ್ಕ ಸುಲಭವಾಗಲೆಂದು ತಲಾ 1,200 ರೂಪಾಯಿ ಬೆಲೆಯ ನಾಲ್ಕು ಪೊಟ್ಟಣಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದು 200 ಗ್ರಾಂ ಪುಡಿ. ರುಚಿ, ಬಣ್ಣಗಳನ್ನು ಕಳೆದರೆ ಅದರಲ್ಲಿ 160 ಗ್ರಾಂ ಪೆಪ್ಟೈಡ್ ಇದೆ. ಎರಡನೆಯದು ತಲಾ 500 ಮಿಲಿಗ್ರಾಂ ಪೆಪ್ಟೈಡ್ ಇರುವ 60 ಕ್ಯಾಪ್ಸೂಲುಗಳು. ಮೂರನೆಯದು 50 ಮಿಲಿಲೀಟರಿನ 10 ಬಾಟಲಿಗಳು, ಪ್ರತಿಯೊಂದರಲ್ಲಿ 5 ಗ್ರಾಂ. ನಾಲ್ಕನೆಯದು 30 ಗಮ್ಮಿಗಳು, ಪ್ರತಿಯೊಂದರಲ್ಲಿ 250 ಮಿಲಿಗ್ರಾಂ.

ಪುಡಿಯಲ್ಲಿ ಒಂದು ಗ್ರಾಂ ಪೆಪ್ಟೈಡಿಗೆ ಬೀಳುವ ಬೆಲೆ 7.50 ರೂಪಾಯಿ. ಬಾಟಲಿಯಲ್ಲಿ 24 ರೂಪಾಯಿ, ಕ್ಯಾಪ್ಸೂಲಿನಲ್ಲಿ 40 ರೂಪಾಯಿ, ಗಮ್ಮಿಯಲ್ಲಿ 160 ರೂಪಾಯಿ. ದಿನಕ್ಕೆ 5 ಗ್ರಾಂ ಬೇಕೆಂದರೆ ಪುಡಿಗೆ 37.50 ರೂಪಾಯಿ ಸಾಕು. ಅಷ್ಟೇ ಪ್ರಮಾಣಕ್ಕೆ ಹತ್ತು ಕ್ಯಾಪ್ಸೂಲು ನುಂಗಿ 200 ರೂಪಾಯಿ ತೆರಬೇಕು, ಇಲ್ಲವೇ ಇಪ್ಪತ್ತು ಗಮ್ಮಿ ಜಗಿದು 800 ರೂಪಾಯಿ ತೆರಬೇಕು. ಇಪ್ಪತ್ತು ಗಮ್ಮಿಗಳ ಜೊತೆ ಹೊಟ್ಟೆ ಸೇರುವ ಸಕ್ಕರೆಯ ಲೆಕ್ಕ ಬೇರೆ. ಯಾರೂ ಅಷ್ಟು ತಿನ್ನುವುದಿಲ್ಲ. ದಿನಕ್ಕೆ ಎರಡು ಕ್ಯಾಪ್ಸೂಲೋ ಎರಡು ಗಮ್ಮಿಯೋ ತಿಂದು, ಅಧ್ಯಯನಗಳಲ್ಲಿ ಬಳಸಿದ ಪ್ರಮಾಣದ ಸಣ್ಣದೊಂದು ಅಂಶವನ್ನು ಪಡೆದು, ಪೂರ್ಣ ಫಲವನ್ನು ನಿರೀಕ್ಷಿಸುತ್ತಾರೆ.

ಸರ್ಕಾರದ ನಿಯಮ ಈ ಗೊಂದಲವನ್ನು ತಪ್ಪಿಸುವುದಿಲ್ಲವೇ ಎಂದು ಓದುಗರು ಕೇಳಬಹುದು. ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳಿಗೆ 2021ರಲ್ಲಿ ಮಾಡಿದ ತಿದ್ದುಪಡಿಯಂತೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ‘ಘಟಕ ಮಾರಾಟ ಬೆಲೆ’ಯನ್ನೂ ಮುದ್ರಿಸಬೇಕು. ಅಕ್ಕಿ, ಎಣ್ಣೆ, ಸೋಪಿನ ಪುಡಿ ಕೊಳ್ಳುವವರಿಗೆ ಇದೊಂದು ಉತ್ತಮ ಸುಧಾರಣೆ. ಆದರೆ ಈ ನಿಯಮದ ಪ್ರಕಾರ ತೂಕದಲ್ಲಿ ಮಾರುವ ಸಣ್ಣ ಪೊಟ್ಟಣಕ್ಕೆ ಗ್ರಾಂ ಲೆಕ್ಕ, ದ್ರವಕ್ಕೆ ಮಿಲಿಲೀಟರ್ ಲೆಕ್ಕ, ಎಣಿಸಿ ಮಾರುವುದಕ್ಕೆ ಸಂಖ್ಯೆಯ ಲೆಕ್ಕ. ನಮ್ಮ ನಾಲ್ಕು ಪೊಟ್ಟಣಗಳ ಮೇಲೆ ಕಾಣುವುದು ಹೀಗೆ: ಪುಡಿ ಗ್ರಾಂಗೆ 6 ರೂಪಾಯಿ, ಬಾಟಲಿಯ ದ್ರವ ಮಿಲಿಲೀಟರಿಗೆ 2.40 ರೂಪಾಯಿ, ಕ್ಯಾಪ್ಸೂಲ್ ಒಂದಕ್ಕೆ 20 ರೂಪಾಯಿ, ಗಮ್ಮಿ ಒಂದಕ್ಕೆ 40 ರೂಪಾಯಿ. ಇದನ್ನು ಓದಿದವರಿಗೆ ದ್ರವವೇ ಎಲ್ಲಕ್ಕಿಂತ ಅಗ್ಗವೆಂದು ತೋರುತ್ತದೆ. ವಾಸ್ತವದಲ್ಲಿ ಅದು ಪುಡಿಗಿಂತ ಮೂರು ಪಟ್ಟು ದುಬಾರಿ. ಕಾನೂನಿಗೆ ಅನುಗುಣವಾಗಿ ಮುದ್ರಿಸಿದ ಅಂಕಿಗಳೇ ಹೀಗೆ ತಪ್ಪು ಚಿತ್ರ ಕೊಡುತ್ತವೆ.

ಪೌಷ್ಟಿಕ ಪೂರಕಗಳಲ್ಲಿ ಘಟಕಾಂಶದ ಪ್ರಮಾಣವನ್ನು ನಮೂದಿಸಬೇಕೆಂಬ ನಿಯಮ ಇದೆಯಲ್ಲ ಎನ್ನಬಹುದು. ಇದೆ. ಆದರೆ ಒಬ್ಬರು ‘ಒಂದು ಚಮಚಕ್ಕೆ’ ಎನ್ನುತ್ತಾರೆ, ಇನ್ನೊಬ್ಬರು ‘ಎರಡು ಕ್ಯಾಪ್ಸೂಲಿಗೆ’ ಎನ್ನುತ್ತಾರೆ, ಮತ್ತೊಬ್ಬರು ‘100 ಗ್ರಾಂಗೆ’ ಎನ್ನುತ್ತಾರೆ. ಸಾಸಿವೆ ಗಾತ್ರದ ಅಕ್ಷರದ ಆ ಪಟ್ಟಿಯನ್ನು ಓದಿ, ಭಾಗಿಸಿ, ಗುಣಿಸಿ, ಪಕ್ಕದ ಡಬ್ಬಿಯೊಂದಿಗೆ ತಾಳೆ ಹಾಕುವಷ್ಟು ವ್ಯವಧಾನ ಅಂಗಡಿಯ ಕಟ್ಟೆಯ ಮುಂದೆ ಎಷ್ಟು ಜನರಿಗಿದ್ದೀತು?

ಬಳಸಿದರೂ ತಿಳಿಯದ ಗುಣ

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಸರಕುಗಳನ್ನು ಮೂರು ಬಗೆಯಾಗಿ ವಿಂಗಡಿಸುವುದುಂಟು. ನೋಡಿ ತಿಳಿಯುವಂಥವು, ಬಳಸಿ ತಿಳಿಯುವಂಥವು, ಬಳಸಿದ ಮೇಲೂ ತಿಳಿಯಲಾಗದಂಥವು. ಮೊದಲ ಎರಡನ್ನು 1970ರಲ್ಲಿ ಫಿಲಿಪ್ ನೆಲ್ಸನ್ ಗುರುತಿಸಿದರೆ, ಮೂರನೆಯದನ್ನು 1973ರಲ್ಲಿ ಡಾರ್ಬಿ ಮತ್ತು ಕಾರ್ನಿ ಸೇರಿಸಿದರು. ಬದನೆಕಾಯಿಯನ್ನು ನೋಡಿ ಕೊಳ್ಳುತ್ತೇವೆ. ಕಾಫಿಪುಡಿಯನ್ನು ಕುಡಿದು ನೋಡಿ ಮುಂದಿನ ತಿಂಗಳು ಅಂಗಡಿ ಬದಲಿಸುತ್ತೇವೆ. ಆದರೆ ಮೂರು ತಿಂಗಳು ಕೊಲಾಜೆನ್ ಸೇವಿಸಿದವರಿಗೆ ಮುಖದ ಕಾಂತಿ ಹೆಚ್ಚಿದ್ದು ಡಬ್ಬಿಯಿಂದಲೋ, ಚಳಿಗಾಲ ಕಳೆದು ಚರ್ಮದ ಒಣಕಲು ತಗ್ಗಿದ್ದರಿಂದಲೋ, ಆರೋಗ್ಯದ ಕಾಳಜಿ ಹುಟ್ಟಿ ಹಣ್ಣು, ನಿದ್ರೆ, ನಡಿಗೆಗಳ ಕಡೆ ಗಮನ ಕೊಟ್ಟಿದ್ದರಿಂದಲೋ ಎಂದು ಹೇಳಲಾಗದು. ಇದು ಕೇವಲ ನಂಬಿಕೆಯ ಮೇಲೆ ನಡೆಯುವ ವ್ಯಾಪಾರ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಪೇಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆ ಎಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿಯೇ ವಿವರಿಸಿದರು. 2001ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೆ ಪಾಲು ದೊರೆತದ್ದು ಈ ಬಗೆಯ ಚಿಂತನೆಗಾಗಿ.

ಹಾಗಾದರೆ ವಿಜ್ಞಾನ ಏನನ್ನುತ್ತದೆ? ಪೆಪ್ಟೈಡಿನ ಕೆಲವು ತುಣುಕುಗಳು ಜೀರ್ಣವಾದ ಮೇಲೂ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಜಪಾನಿನ ಸಂಶೋಧಕರು 2005ರಲ್ಲಿ ತೋರಿಸಿದರು. ಆದ್ದರಿಂದ ‘ಹೊಟ್ಟೆಗೆ ಹೋದದ್ದೆಲ್ಲ ಬರೀ ಅಮೈನೊ ಆಮ್ಲವಾಗುತ್ತದೆ, ಪ್ರಯೋಜನ ಅಸಾಧ್ಯ’ ಎಂದು ತಳ್ಳಿಹಾಕುವುದು ಸರಿಯಲ್ಲ. ಚರ್ಮದ ತೇವಾಂಶ, ಸ್ಥಿತಿಸ್ಥಾಪಕತ್ವ ಸ್ವಲ್ಪ ಸುಧಾರಿಸಿತೆಂದು ಹಲವು ಪ್ರಯೋಗಗಳು ವರದಿ ಮಾಡಿರುವುದೂ ನಿಜ. ಆದರೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಕೀಲುಗಳಿಗೆ ಉಪಯುಕ್ತವೆಂಬ ಹೇಳಿಕೆಯನ್ನು 2011ರಲ್ಲಿಯೂ, ಒಂದು ಕೊಲಾಜೆನ್ ಉತ್ಪನ್ನ ಚರ್ಮದ ಸ್ಥಿತಿಸ್ಥಾಪಕತ್ವವನ್ನು ಕಾಪಾಡುತ್ತದೆ ಎಂಬ ಹೇಳಿಕೆಯನ್ನು 2013ರಲ್ಲಿಯೂ ಪರಿಶೀಲಿಸಿ, ಪುರಾವೆ ಸಾಲದೆಂದು ಒಪ್ಪಿಕೊಳ್ಳಲಿಲ್ಲ. 2025ರಲ್ಲಿ ಅಮೆರಿಕದ ಒಂದು ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾದ ವಿಮರ್ಶೆ 23 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿತು. ಎಲ್ಲವನ್ನೂ ಸೇರಿಸಿ ನೋಡಿದಾಗ ಪ್ರಯೋಜನ ಕಾಣುತ್ತಿತ್ತು. ಕಂಪನಿಗಳ ಹಣ ಪಡೆಯದ ಪ್ರಯೋಗಗಳನ್ನು ಮಾತ್ರ ಬೇರ್ಪಡಿಸಿ ನೋಡಿದಾಗ ಗಣನೀಯ ಪ್ರಯೋಜನ ಕಾಣಲಿಲ್ಲ. ಸರ್ಕಾರಿ ಕಡತಗಳಲ್ಲಿ ಬದುಕು ಸವೆಸಿದ ನನ್ನಂಥವನಿಗೆ ಇದು ಹೊಸತೆನಿಸಲಿಲ್ಲ. ಯಾವುದೇ ವರದಿಯನ್ನು ಓದುವ ಮುನ್ನ ಅದರ ಖರ್ಚು ಯಾರದೆಂದು ನೋಡುವುದು ಹಳೆಯ ಅಭ್ಯಾಸ.

ಕೊಳ್ಳುವವರು ಗಮನಿಸಬೇಕಾದದ್ದು

ಇಷ್ಟಾದರೂ ಕೊಳ್ಳಲೇಬೇಕೆಂದು ತೀರ್ಮಾನಿಸಿದವರು ಕೆಲವು ವಿಷಯಗಳನ್ನು ನೆನಪಿನಲ್ಲಿಡುವುದು ಒಳಿತು. ಬೆಲೆಯ ದೃಷ್ಟಿಯಿಂದಲೂ ಪ್ರಮಾಣದ ದೃಷ್ಟಿಯಿಂದಲೂ ರುಚಿ, ಬಣ್ಣ ಬೆರೆಸದ ಸಾದಾ ಪುಡಿಗೆ ಮೊದಲ ಸ್ಥಾನ. ಬಾಟಲಿಯ ದ್ರವದಲ್ಲಿ ನೀರಿಗೂ ಗಾಜಿಗೂ ಹಣ ತೆರುತ್ತೇವೆ. ಗಮ್ಮಿಯನ್ನು ಮಿಠಾಯಿಯೆಂದೇ ಭಾವಿಸುವುದು ಕ್ಷೇಮ. ಕೊಲಾಜೆನ್ ಬೆರೆಸಿದ ಮುಲಾಮಿನ ಮಾತು ಬೇರೆ. ಅಷ್ಟು ದೊಡ್ಡ ಅಣು ಚರ್ಮದ ಹೊರಪದರವನ್ನು ದಾಟಿ ಒಳಗೆ ಇಳಿಯಲಾರದು. ಹೆಚ್ಚೆಂದರೆ ಅದು ಮೇಲ್ಮೈಯನ್ನು ತೇವವಾಗಿಡುತ್ತದೆ.

ಕ್ಯಾಪ್ಸೂಲಿನ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ದನ ಅಥವಾ ಹಂದಿಯ ಮೂಲದ್ದು ಬೇಡವೆಂಬ ಧಾರ್ಮಿಕ ಕಾರಣದಿಂದ ಮೀನಿನ ಕೊಲಾಜೆನ್ ಆರಿಸಿಕೊಳ್ಳುವವರು ಬಹಳ. ಆದರೆ ಒಳಗಿನ ಪುಡಿ ಮೀನಿನದ್ದಾದರೂ ಅದನ್ನು ಹೊತ್ತ ಕವಚ ಪ್ರಾಣಿಮೂಳೆಯ ಜೆಲಾಟಿನಿನದ್ದಾಗಿರಬಹುದು. ಸಸ್ಯಮೂಲದ ಕವಚಗಳೂ ಇವೆ. ಮಾಂಸಾಹಾರದ ಕಂದು ಗುರುತು ಎರಡಕ್ಕೂ ಒಂದೇ ಆದ್ದರಿಂದ, ಆ ಗುರುತು ನೋಡಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನು ಹಸಿರು ಗುರುತಿನ ‘ಸಸ್ಯಾಹಾರಿ ಕೊಲಾಜೆನ್’. ಸಸ್ಯಗಳಲ್ಲಿ ಕೊಲಾಜೆನ್ ಇರುವುದೇ ಇಲ್ಲ. ಆ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ‘ಸಿ’ ಜೀವಸತ್ವ ಮತ್ತಿತರ ಪೋಷಕಾಂಶಗಳು. ದೇಹ ತನ್ನ ಕೊಲಾಜೆನನ್ನು ತಾನೇ ಕಟ್ಟಿಕೊಳ್ಳಲು ‘ಸಿ’ ಜೀವಸತ್ವ ಅಗತ್ಯವೆಂಬುದು ನಿಜ. ಅದಿಲ್ಲದೆ ಹೋದಾಗ ಬರುವ ವಸಡಿನ ರಕ್ತಸ್ರಾವದ ಸ್ಕರ್ವಿ ಕಾಯಿಲೆ ಹಿಂದಿನ ನಾವಿಕರನ್ನು ಕಾಡಿದ್ದು ಇದೇ ಕಾರಣಕ್ಕೆ. ಆದರೆ ಒಂದು ಸೀಬೆಹಣ್ಣು ಅಥವಾ ಒಂದೆರಡು ಬೆಟ್ಟದ ನೆಲ್ಲಿಕಾಯಿ ದಿನದ ಅಗತ್ಯವನ್ನು ಪೂರೈಸಬಲ್ಲದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಜಾಹೀರಾತುದಾರರು ನಮಗಿಂತ ಚೆನ್ನಾಗಿ ಅರಿತಿದ್ದಾರೆ.

ಪ್ರೋಟೀನ್ ಸಿಗಲಿ ಎಂದು ಇದನ್ನು ಸೇವಿಸುವವರೂ ಇದ್ದಾರೆ. ಕೊಲಾಜೆನ್‌ನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅತ್ಯವಶ್ಯಕ ಅಮೈನೊ ಆಮ್ಲ ಇಲ್ಲ. ಆದ್ದರಿಂದ ಇದು ಪರಿಪೂರ್ಣ ಪ್ರೋಟೀನ್ ಅಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅನ್ನದೊಂದಿಗೆ ಬೇಳೆ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೀನಿನ ಅಲರ್ಜಿ ಇರುವವರು ಈ ಡಬ್ಬಿಗಳಿಂದ ದೂರವಿರಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮೂತ್ರಪಿಂಡದ ಕಲ್ಲಿನ ತೊಂದರೆ ಅನುಭವಿಸಿದವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಜೆಲಾಟಿನ್ ಸೇವನೆಯ ನಂತರ ಮೂತ್ರದಲ್ಲಿ ಆಕ್ಸಲೇಟ್ ಅಂಶ ಹೆಚ್ಚುವುದನ್ನು 2006ರ ಅಧ್ಯಯನವೊಂದು ತೋರಿಸಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಂಡಿನೋವಿಗೆ ವೈದ್ಯರು ಹೇಳಿದ ವ್ಯಾಯಾಮವನ್ನೂ ಚಿಕಿತ್ಸೆಯನ್ನೂ ಮುಂದೂಡಿ ಆ ಹಣವನ್ನು ಡಬ್ಬಿಗೆ ಸುರಿಯುವ ಹಿರಿಯರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ.

ಸರ್ಕಾರ ಮಾಡಬೇಕಾದದ್ದು

ಪ್ರೌಢ ವಯಸ್ಕರು ತಮ್ಮ ಹಣದಲ್ಲಿ ಏನು ಬೇಕಾದರೂ ಕೊಳ್ಳಲಿ, ಸರ್ಕಾರಕ್ಕೇಕೆ ಉಸಾಬರಿ ಎಂಬ ವಾದವಿದೆ. ಆಯ್ಕೆಯ ಸ್ವಾತಂತ್ರ್ಯವನ್ನು ನಾನೂ ಗೌರವಿಸುತ್ತೇನೆ. ನಿಷೇಧ, ಬೆಲೆ ನಿಯಂತ್ರಣಗಳನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ಆದರೆ ಹೋಲಿಸಿ ನೋಡುವ ದಾರಿಯನ್ನೇ ಮುಚ್ಚಿದ ಮೇಲೆ ಆಯ್ಕೆ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಹೊಸ ಇಲಾಖೆ, ಹೊಸ ಆಯೋಗ ಯಾವುದರ ಅಗತ್ಯವೂ ಇಲ್ಲದೆ ಆಗಬಹುದಾದ ನಾಲ್ಕು ಕೆಲಸಗಳಿವೆ.

ಮೊದಲನೆಯದು, ಪೌಷ್ಟಿಕ ಪೂರಕಗಳ ಮಟ್ಟಿಗೆ ಘಟಕ ಮಾರಾಟ ಬೆಲೆಯನ್ನು ಮುಖ್ಯ ಘಟಕಾಂಶದ ಗ್ರಾಂ ಲೆಕ್ಕದಲ್ಲಿ ಮುದ್ರಿಸುವಂತೆ ಪೊಟ್ಟಣ ಸಾಮಗ್ರಿ ನಿಯಮಗಳಿಗೆ ತಿದ್ದುಪಡಿ ತರಬೇಕು. ಪುಡಿಯಾಗಲಿ, ಬಾಟಲಿಯಾಗಲಿ, ಗಮ್ಮಿಯಾಗಲಿ, ‘ಕೊಲಾಜೆನ್ ಒಂದು ಗ್ರಾಂಗೆ ಇಷ್ಟು ರೂಪಾಯಿ’ ಎಂಬ ಸಾಲು ಗರಿಷ್ಠ ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿರಬೇಕು.

ಎರಡನೆಯದು, ಮೀನಿನ ಜಾತಿ, ಅದು ಸಮುದ್ರದ್ದೋ ಸಿಹಿನೀರಿನದ್ದೋ, ಕ್ಯಾಪ್ಸೂಲಿನ ಕವಚ ಯಾವುದರದ್ದು ಎಂಬ ಮೂರು ವಿವರಗಳು ಡಬ್ಬಿಯ ಮುಂಭಾಗದಲ್ಲಿರಬೇಕು. ಇದರಿಂದ ನಮ್ಮ ಕರಾವಳಿಗೂ ಲಾಭವಿದೆ. ಮಂಗಳೂರು, ಉಡುಪಿ ಭಾಗದ ಫಿಶ್‌ಮೀಲ್ ಘಟಕಗಳಲ್ಲಿ ಮೀನಿನ ಶೇಷ ಅಗ್ಗದ ಮೇವಾಗಿ ಹೋಗುತ್ತದೆ. ಮೀನಿನ ಹುರುಪೆ, ಚರ್ಮಗಳಿಂದ ಕೊಲಾಜೆನ್ ಪೆಪ್ಟೈಡ್ ತಯಾರಿಸುವ ವಿಧಾನದ ಮೇಲೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕೆಲಸ ಮಾಡಿದೆ. ಮೂಲವನ್ನು ಹೇಳಬೇಕೆಂಬ ನಿಯಮ ಬಂದರೆ ಸ್ಥಳೀಯ ಉತ್ಪಾದಕರಿಗೆ ತಮ್ಮ ಹೆಸರನ್ನು ಹೇಳಿಕೊಳ್ಳುವ ಅವಕಾಶ ಒದಗುತ್ತದೆ.

ಮೂರನೆಯದು, ಹೇಳಿಕೆಗೂ ಪ್ರಮಾಣಕ್ಕೂ ನಂಟು. ದಿನಕ್ಕೆ 5 ಗ್ರಾಂ ಕೊಟ್ಟು ನಡೆಸಿದ ಪ್ರಯೋಗವನ್ನು ಅರ್ಧ ಗ್ರಾಂನ ಗಮ್ಮಿಯ ಜಾಹೀರಾತಿಗೆ ಬಳಸುವಂತಿರಬಾರದು. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಪ್ರಚಾರ ಮಾಡುವ ತಾರೆಯರನ್ನೂ ಹೊಣೆಗಾರರನ್ನಾಗಿಸಿವೆ. ಅಧಿಕಾರ ಇದೆ, ಅದನ್ನು ಚಲಾಯಿಸುವುದಷ್ಟೇ ಬಾಕಿ.

ನಾಲ್ಕನೆಯದು ರಾಜ್ಯದ ಪಾಲಿನ ಕೆಲಸ. ಆಹಾರದ ಪೊಟ್ಟಣದ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕೆನ್ನುತ್ತದೆ ನಿಯಮ. ಇತರ ಭಾಷೆಗಳಿಗೆ ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ‘ಔಷಧೀಯ ಬಳಕೆಗೆ ಅಲ್ಲ’ ಎಂಬ ಎಚ್ಚರಿಕೆಯನ್ನು ಓದಬೇಕಾದ ಕನ್ನಡದ ಅಜ್ಜಿಗೆ ಅದು ಓದಲಾಗದ ಲಿಪಿಯಲ್ಲಿದ್ದರೆ ಫಲವೇನು? ರಾಜ್ಯದ ಆಹಾರ ಸುರಕ್ಷತೆ ಮತ್ತು ಮಾಪನಶಾಸ್ತ್ರ ಇಲಾಖೆಗಳು ಜಂಟಿಯಾಗಿ ಅಂಗಡಿಗಳಿಂದಲೂ ಆನ್‌ಲೈನ್ ಮಾರಾಟಗಾರರಿಂದಲೂ ಮಾದರಿ ಸಂಗ್ರಹಿಸಿ, ಕೊಲಾಜೆನ್ ಪ್ರಮಾಣ ಹಾಗೂ ಭಾರ ಲೋಹಗಳ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಎಚ್ಚರಿಕೆಯ ಸಾಲುಗಳು ಕನ್ನಡದಲ್ಲೂ ಇರಬೇಕೆಂದು ಕೇಂದ್ರವನ್ನು ಒತ್ತಾಯಿಸಬೇಕು.

ಇದೆಲ್ಲ ಅತಿಯಾಯಿತು ಎನ್ನುವವರು ಹಿಂದಿನ ದಿನಗಳನ್ನು ನೆನಪಿಸಿಕೊಳ್ಳಲಿ. ಊರಿಗೊಂದು ಸೇರು, ಸೀಮೆಗೊಂದು ಮಣ ಇದ್ದ ಕಾಲದಲ್ಲಿ ಒಂದು ಪೇಟೆಯ ಧಾರಣೆಯನ್ನು ಇನ್ನೊಂದು ಪೇಟೆಯ ಧಾರಣೆಯೊಂದಿಗೆ ಹೋಲಿಸುವುದು ರೈತನಿಗಾಗಲೀ ಗ್ರಾಹಕನಿಗಾಗಲೀ ಸುಲಭವಾಗಿರಲಿಲ್ಲ. 1956ರ ತೂಕ ಮತ್ತು ಅಳತೆ ಕಾಯ್ದೆ ದೇಶಕ್ಕೆಲ್ಲ ಒಂದೇ ಮೆಟ್ರಿಕ್ ಮಾನವನ್ನು ತಂದಿತು. ಆಗಲೂ ಗೊಣಗಿದವರಿದ್ದರು. ಇಂದು ಕಿಲೋ ಇಲ್ಲದ ಸಂತೆಯನ್ನು ಯಾರೂ ಊಹಿಸಲಾರರು. ಚಮಚ, ಗುಟುಕು, ಕ್ಯಾಪ್ಸೂಲು, ಗಮ್ಮಿಗಳು ಇಂದಿನ ಪಟ್ಟಣದ ಸೇರು, ಪಾವು, ಚಟಾಕುಗಳಾಗಿವೆ. ಮೀನಿನ ಪುಡಿಯಿಂದ ತಾರುಣ್ಯ ಮರಳುತ್ತದೆಯೇ ಎಂಬ ವಿವಾದವನ್ನು ವಿಜ್ಞಾನಿಗಳು ನಿಧಾನವಾಗಿ ಬಗೆಹರಿಸಲಿ. ಗ್ರಾಂ ಒಂದಕ್ಕೆ ಎಷ್ಟು ರೂಪಾಯಿ ಎಂಬ ಪ್ರಶ್ನೆಗೆ ಅಷ್ಟು ಕಾಯಬೇಕಾಗಿಲ್ಲ. ಅದಕ್ಕೆ ಒಂದು ಅಧಿಸೂಚನೆ ಸಾಕು.